ಕಬ್ಬನ್ ಪಾರ್ಕಿನಿಂದ ಲಾಲ್‌ಬಾಗಿಗೆ: ಮೇಷ್ಟ್ರ ಓದಿನ ಹಾದಿ

ಬೆಂಗಳೂರಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಬೆಳಗಿನ ಹೊತ್ತು ಕೂರಲು ಕುರ್ಚಿ ಸಿಕ್ಕರೆ ಅದೃಷ್ಟ. ಕಬ್ಬನ್ ಪಾರ್ಕಿನ ನಡುವಿರುವ ಈ ಕೆಂಪು ಕಟ್ಟಡ ದಿವಾನ್ ಶೇಷಾದ್ರಿ ಅಯ್ಯರ್ ಅವರ ನೆನಪಿಗಾಗಿ 1915ರಲ್ಲಿ ಎದ್ದದ್ದು. ಎದುರಿಗೆ ದಿವಾನರ ಪ್ರತಿಮೆ, ಸುತ್ತ ಮರಗಳು, ಒಳಗೆ ಎತ್ತರದ ಹಾಲು. ಮೇಜುಗಳ ಮೇಲೆ ಏನಿದೆ ಎಂದು ನೋಡುತ್ತಾ ಹೋದೆ. ಕರೆಂಟ್ ಅಫೇರ್ಸ್ ಮಾಸಿಕಗಳು, ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್, ಹೈಲೈಟರ್, ನೀರಿನ ಬಾಟಲಿ. ಎಲ್ಲವೂ ಮನೆಯಿಂದಲೋ ಪಿಜಿಯಿಂದಲೋ ತಂದದ್ದು. ಗ್ರಂಥಾಲಯದ್ದು ಅಂತ ಬಳಕೆಯಾಗುತ್ತಿದ್ದದ್ದು ಕುರ್ಚಿ, ಫ್ಯಾನು ಮತ್ತು ಮೌನ.

ಗೋಡೆ ಬದಿಯ ಮೇಜಿನಲ್ಲಿ ಒಬ್ಬ ಹುಡುಗ ಬಿ.ಎಡ್. ಮುಗಿಸಿ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಗೆ ಓದುತ್ತಿದ್ದ. ಅವನ ನೋಟ್ಸಿನಲ್ಲಿ ಮನಶ್ಶಾಸ್ತ್ರಜ್ಞ ಪಿಯಾಜೆ ಹೇಳಿದ ಮಗುವಿನ ಬೆಳವಣಿಗೆಯ ನಾಲ್ಕು ಹಂತಗಳು ನಾಲ್ಕು ಬಣ್ಣದಲ್ಲಿದ್ದವು. ಹೊರಗೆ ಟೀ ಕುಡಿಯಲು ಬಂದಾಗ ಕೇಳಿದೆ: "ಗಿಜುಭಾಯಿ ಬಧೇಕ ಹೆಸರು ಕೇಳಿದೀರಾ?"

"ಕೇಳದೆ ಏನ್ ಸಾರ್? ಬಾಲಮಂದಿರ, ಭಾವನಗರ, 1920. ಕ್ವಶ್ಚನ್ ಬರುತ್ತೆ."

"ಅವರ ಪುಸ್ತಕ ಓದಿದೀರಾ?"

"ಅದರೊಳಗಿಂದ ಕ್ವಶ್ಚನ್ ಬರಲ್ವಲ್ಲ ಸಾರ್" ಎಂದು ನಕ್ಕ.

ತಮಾಷೆಗೆ ಹೇಳಿದರೂ ಲೆಕ್ಕ ಸರಿಯಾಗಿಯೇ ಇತ್ತು. ಕೆಲಸ ಸಿಗುವವರೆಗೆ ಅವನು ಓದಬೇಕಾದದ್ದು ಅದೇ. ನನ್ನ ಚಿಂತೆ ಕೆಲಸ ಸಿಕ್ಕ ಮೇಲಿನ ಮೂವತ್ತು ವರ್ಷದ್ದು. ಆ ಮೂವತ್ತು ವರ್ಷಕ್ಕೆ ಬೇಕಾದ ಬುತ್ತಿ ಯಾವ ರ್‍ಯಾಕಿನಲ್ಲಿದೆ? ಅದನ್ನು ಹುಡುಕಿಕೊಂಡು ಕಬ್ಬನ್ ಪಾರ್ಕಿನಿಂದ ಲಾಲ್‌ಬಾಗಿನವರೆಗೆ, ಸ್ವಲ್ಪ ಮೆಟ್ರೋದಲ್ಲಿ, ಹೆಚ್ಚು ಕಾಲ್ನಡಿಗೆಯಲ್ಲಿ ಹೋಗಿ ಬಂದದ್ದರ ವಿವರ ಇದು. ಕತೆ ಕಾದಂಬರಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಅವುಗಳ ಶಿಫಾರಸು ಮಾಡುವವರು ಬೇಕಾದಷ್ಟು ಜನ ಇದ್ದಾರೆ.

370ರ ಆಚೆಗೆ

ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಪುಸ್ತಕ ಜೋಡಿಸುವ ಗ್ರಂಥಾಲಯಗಳಲ್ಲಿ ಶಿಕ್ಷಣಕ್ಕೆ 370, ಸಸ್ಯಗಳಿಗೆ 580, ಜೀವನಚರಿತ್ರೆಗಳಿಗೆ 920. ಮೇಷ್ಟ್ರಾಗಲು ಹೊರಟವರನ್ನು 370ರ ಮುಂದೆ ನಿಲ್ಲಿಸಿ ಕೈತೊಳೆದುಕೊಳ್ಳುವುದು ನಮ್ಮ ರೂಢಿ. ಅಲ್ಲಿ ಬೋಧನಾ ವಿಧಾನ, ಮೌಲ್ಯಮಾಪನ, ಶಾಲಾ ಆಡಳಿತದ ಪುಸ್ತಕಗಳು ದಪ್ಪದಪ್ಪಗೆ ಕೂತಿರುತ್ತವೆ. ಪರೀಕ್ಷೆಗೆ ಅವು ಬೇಕು. ಆದರೆ ತರಗತಿಯೊಳಗೆ ಕಾಲಿಟ್ಟ ಮೇಲೆ ಕೈಹಿಡಿಯುವ ಪುಸ್ತಕಗಳಲ್ಲಿ ಮುಕ್ಕಾಲು ಪಾಲು 580ರಲ್ಲೋ 920ರಲ್ಲೋ ಇನ್ನೆಲ್ಲೋ ಇವೆ. ನಾನು ಈ ನಡಿಗೆಯಲ್ಲಿ ಹೇಳಹೊರಟಿರುವುದು ಇಷ್ಟೇ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಬಂದ ಅವರ ಐದು ಸೂತ್ರಗಳಲ್ಲಿ ಒಂದರ ಸಾರ, ಪ್ರತಿ ಪುಸ್ತಕಕ್ಕೂ ಅದರದೇ ಓದುಗ ಸಿಗಬೇಕು ಎಂಬುದು. ಬದುಕಿನ ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲೇ. 1962ರಲ್ಲಿ ಇಲ್ಲಿ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು. ಅವರ ಸೂತ್ರದ ಪ್ರಕಾರ ನೋಡಿದರೆ, ಎದುರಿನ ರ್‍ಯಾಕಿನಲ್ಲಿ ಓದುಗರಿಗಾಗಿ ಕಾಯುತ್ತಿರುವ ಮೂರು ಹೆಸರುಗಳನ್ನು ಮೊದಲು ಹೇಳಬೇಕು: ಶಿವರಾಮ ಕಾರಂತರ 'ಬಾಲಪ್ರಪಂಚ' ಮತ್ತು 'ವಿಜ್ಞಾನ ಪ್ರಪಂಚ', ನಿರಂಜನರ ಸಂಪಾದಕತ್ವದ ಏಳು ಸಂಪುಟಗಳ 'ಜ್ಞಾನಗಂಗೋತ್ರಿ'.

ಇವು ಹಳೆಯವು, ಮಾಹಿತಿ ಈಗ ಹಿಂದೆ ಬಿದ್ದಿದೆ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಿ. ಮಾಹಿತಿಗೆ ಮೊಬೈಲ್ ಇದೆ. ಇವನ್ನು ತೆರೆಯಬೇಕಾದದ್ದು ಬೇರೆ ಕಾರಣಕ್ಕೆ. ಕಾರಂತರು ಅಸಹಕಾರ ಚಳವಳಿಯ ಕಾಲಕ್ಕೆ ಕಾಲೇಜು ಬಿಟ್ಟವರು, ವಿಜ್ಞಾನದಲ್ಲಿ ಡಿಗ್ರಿ ಇಲ್ಲದವರು. ಹಾಗಾಗಿ ತಾವು ಕಲಿತದ್ದನ್ನು ಕಲಿತ ಕ್ರಮದಲ್ಲೇ ಹೇಳುತ್ತಾರೆ. ಒಂದು ಅಧ್ಯಾಯ ಓದಿ ಮುಗಿಸಿ, ಅದೇ ವಿಷಯವನ್ನು ಐದನೇ ತರಗತಿಗೆ ಕನ್ನಡದಲ್ಲಿ ನೀವು ಹೇಗೆ ಹೇಳುತ್ತೀರಿ ಎಂದು ಒಂದು ಪುಟ ಬರೆದು ನೋಡಿ. ಯಾವ ತರಬೇತಿ ಶಿಬಿರದಲ್ಲೂ ಇಷ್ಟು ಅಗ್ಗದ ಅಭ್ಯಾಸ ಸಿಗುವುದಿಲ್ಲ.

ಅಗ್ಗ ಎಂದೆನಲ್ಲ, ಪುಕ್ಕಟೆ ಏನೂ ಅಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿಯಂತೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ದುಡ್ಡು ಕೊಟ್ಟಾಗಿದೆ, ಪುಸ್ತಕ ತೆಗೆಯುವುದಷ್ಟೇ ಬಾಕಿ.

ಅವೆನ್ಯೂ ರಸ್ತೆ: "ಯಾವ ಸೆಮ್ಮು?"

ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದು, ಸೀರೆ ಅಂಗಡಿಗಳ ಕೂಗಾಟ ದಾಟಿದರೆ ಅವೆನ್ಯೂ ರಸ್ತೆ. ಮೈಸೂರು ಬ್ಯಾಂಕ್ ಸರ್ಕಲ್ಲಿನ ಕಡೆಗೆ ನಡೆದಂತೆ ಹಳೆ ಪುಸ್ತಕಗಳ ಸಾಲು ಶುರು. ಇಂಜಿನಿಯರಿಂಗ್, ಸಿಇಟಿ, ನೀಟ್, ಕಾನೂನು, ಡಿಪ್ಲೊಮಾ. ಯಾವ ಅಂಗಡಿ ಮುಂದೆ ನಿಂತರೂ ಮೊದಲ ಪ್ರಶ್ನೆ ಒಂದೇ: "ಯಾವ ಸೆಮ್ಮು ಸಾರ್?"

ಸೆಮ್ಮು ಇಲ್ಲ, ಸುಮ್ಮನೆ ಓದಕ್ಕೆ ಎಂದರೆ ಅಂಗಡಿಯವರ ಮುಖದಲ್ಲಿ ಒಂಥರಾ ಕನಿಕರ ಮೂಡುತ್ತದೆ. "ಕೆಳಗಡೆ ನೋಡ್ಕಳಿ" ಎಂದು ಕಾಲ ಬಳಿಯ ಗುಡ್ಡೆ ತೋರಿಸುತ್ತಾರೆ. ಆ ಗುಡ್ಡೆಯೇ ನನಗೆ ಬೇಕಾದದ್ದು. ರಾಶಿಯ ನಡುವಿಂದ ನ್ಯಾಷನಲ್ ಬುಕ್ ಟ್ರಸ್ಟಿನ ತೆಳ್ಳನೆ ಪುಸ್ತಕವೊಂದು ಬಂತು: 'ತೊತ್ತೋ-ಚಾನ್'. ಒಳಪುಟದಲ್ಲಿ ನೀಲಿ ಪೆನ್ನಿನಲ್ಲಿ ಯಾರೋ ಡಿ.ಎಡ್. ಪ್ರಥಮ ವರ್ಷ ಎಂದು ಬರೆದಿದ್ದರು. ಮೊದಲ ಮೂವತ್ತು ಪುಟಗಳಲ್ಲಿ ಪೆನ್ಸಿಲ್ ಗೆರೆಗಳು, ಆಮೇಲೆ ಒಂದೂ ಇಲ್ಲ. ಓದುವುದನ್ನು ನಿಲ್ಲಿಸಿದರೋ, ಗೆರೆ ಹಾಕುವುದನ್ನು ಮರೆತು ಓದಿದರೋ? ಆ ಪುಸ್ತಕವನ್ನು ಬಲ್ಲವರು ಎರಡನೆಯದನ್ನೇ ನಂಬುತ್ತಾರೆ.

ತೆತ್ಸುಕೊ ಕುರೊಯಾನಗಿ ಜಪಾನಿನ ಟೀವಿ ತಾರೆ. 1981ರಲ್ಲಿ ಬರೆದ ಈ ಪುಸ್ತಕ ಅವರದೇ ಬಾಲ್ಯದ ನೆನಪು. ಒಂದನೇ ತರಗತಿಯಲ್ಲೇ ಆಕೆಯನ್ನು ಶಾಲೆಯಿಂದ ಹೊರಹಾಕಿದ್ದರು. ಡೆಸ್ಕಿನ ಮುಚ್ಚಳ ನೂರು ಸಲ ತೆಗೆದು ಹಾಕುವುದು, ಕಿಟಕಿ ಹತ್ತಿರ ನಿಂತು ಬೀದಿಯ ವಾದ್ಯದವರನ್ನು ಕರೆಯುವುದು ಆಕೆಯ ಅಪರಾಧ. ಹೊಸ ಶಾಲೆ ತೊಮೊಯೆಯಲ್ಲಿ ಹಳೆ ರೈಲು ಬೋಗಿಗಳೇ ತರಗತಿ. ಮುಖ್ಯೋಪಾಧ್ಯಾಯ ಸೊಸಾಕು ಕೊಬಾಯಾಶಿ ಮೊದಲ ದಿನ ಆ ಹುಡುಗಿಯನ್ನು ಎದುರು ಕೂರಿಸಿಕೊಂಡು, ನಿನಗೆ ಏನು ಹೇಳಬೇಕೋ ಹೇಳು ಎಂದು ನಾಲ್ಕು ಗಂಟೆ ಕೇಳಿಸಿಕೊಳ್ಳುತ್ತಾರೆ. ಆಕಳಿಕೆ ಇಲ್ಲ, ಗಡಿಯಾರ ನೋಡುವುದಿಲ್ಲ. ಆ ಶಾಲೆಯ ಕ್ರೀಡಾದಿನದ ಆಟಗಳು ಹೇಗಿದ್ದವೆಂದರೆ, ಬೆಳವಣಿಗೆ ನಿಂತು ಗಿಡ್ಡವಾಗಿಯೇ ಉಳಿದ ಹುಡುಗನಿಗೆ ಗೆಲ್ಲಲು ದಾರಿಯಾಗುತ್ತಿತ್ತು. ಕೊಬಾಯಾಶಿ ಈ ಬಗ್ಗೆ ಭಾಷಣ ಮಾಡಲಿಲ್ಲ, ಆಟ ಬದಲಾಯಿಸಿದರು. 1945ರಲ್ಲಿ ವಿಮಾನ ದಾಳಿಯಲ್ಲಿ ಶಾಲೆ ಸುಟ್ಟುಹೋಯಿತು.

ಇದರ ಜೊತೆಗೇ ಓದಬೇಕಾದದ್ದು ಗಿಜುಭಾಯಿಯವರ 'ದಿವಾಸ್ವಪ್ನ'. ಇದೂ ನ್ಯಾಷನಲ್ ಬುಕ್ ಟ್ರಸ್ಟಿನಿಂದ ಕನ್ನಡಕ್ಕೆ ಬಂದಿದೆ. ಗಿಜುಭಾಯಿ ವಕೀಲರು, ಮಗನನ್ನು ಬೆಳೆಸುವಾಗ ಶಿಕ್ಷಣದ ಗೀಳು ಹತ್ತಿಸಿಕೊಂಡು ಕೋರ್ಟು ಬಿಟ್ಟವರು. 1930ರ ದಶಕದ ಆರಂಭದಲ್ಲಿ ಗುಜರಾತಿಯಲ್ಲಿ ಬಂದ ಈ ಪುಸ್ತಕ ಕಲ್ಪಿತ ಮೇಷ್ಟ್ರೊಬ್ಬರ ಒಂದು ವರ್ಷದ ಕಥನ. ರೂಪ ಕತೆಯದಾದರೂ ಒಳಗಿರುವುದೆಲ್ಲ ತರಗತಿಯಲ್ಲಿ ಬೆವರು ಸುರಿಸಿ ಕಂಡುಕೊಂಡದ್ದು. ಹಾಗಾಗಿ ಕತೆ ಕಾದಂಬರಿ ಬಿಡುವ ನನ್ನ ನಿಯಮಕ್ಕೆ ಇದೊಂದು ವಿನಾಯಿತಿ.

ಲಕ್ಷ್ಮೀರಾಮ್ ಎಂಬ ಆ ಮೇಷ್ಟ್ರು ಶಿಕ್ಷಣಾಧಿಕಾರಿಯ ಬೆನ್ನುಹತ್ತಿ ನಾಲ್ಕನೇ ತರಗತಿಯೊಂದನ್ನು ಪ್ರಯೋಗಕ್ಕೆ ಪಡೆಯುತ್ತಾರೆ. ವರ್ಷದ ಕೊನೆಗೆ ರಿಸಲ್ಟ್ ಬರಬೇಕು ಎಂಬ ಷರತ್ತಿನ ಮೇಲೆ. ಮೊದಲ ದಿನ ಮೌನದ ಆಟ ಆಡಿಸಲು ಹೋಗುತ್ತಾರೆ. ಹುಡುಗರು ಕೂಗಿ ಗದ್ದಲ ಎಬ್ಬಿಸಿ ಯೋಜನೆಯನ್ನೇ ಮಣ್ಣುಪಾಲು ಮಾಡುತ್ತಾರೆ. ಮರುದಿನ ಮೇಷ್ಟ್ರು ಕತೆ ಹೇಳಲು ಕೂರುತ್ತಾರೆ, ಅಲ್ಲಿಂದ ಪಾಠ ಶುರು. ನನಗೆ ಅದರಲ್ಲಿ ಬಹಳ ಇಷ್ಟವಾದದ್ದು ಲೆಕ್ಕಾಚಾರದ ಒಂದು ಸಂಗತಿ. ಒಬ್ಬೊಬ್ಬ ಹುಡುಗನೂ ಅದೇ ಪಠ್ಯಪುಸ್ತಕ ಕೊಳ್ಳುವ ಬದಲು ಆ ದುಡ್ಡನ್ನೆಲ್ಲ ಒಟ್ಟುಗೂಡಿಸಿ ಬೇರೆಬೇರೆ ಪುಸ್ತಕ ತಂದರೆ ತರಗತಿಗೇ ಒಂದು ಗ್ರಂಥಾಲಯವಾಗುತ್ತದಲ್ಲ ಎನ್ನುತ್ತಾರೆ ಮೇಷ್ಟ್ರು. ಪೋಷಕರು ಒಪ್ಪುವುದು ಸುಲಭವಲ್ಲ. ಹಿರಿಯರು, ಸಹೋದ್ಯೋಗಿಗಳು, ಮೇಲಧಿಕಾರಿ ಎಲ್ಲರ ಅನುಮಾನವನ್ನೂ ಈ ಪುಸ್ತಕ ಮುಚ್ಚಿಡದೆ ಹೇಳುತ್ತದೆ. 'ತೊತ್ತೋ-ಚಾನ್' ಮಗುವಿನ ಕಣ್ಣಿಂದ ಶಾಲೆ ತೋರಿಸಿದರೆ 'ದಿವಾಸ್ವಪ್ನ' ಮೇಷ್ಟ್ರ ಕಣ್ಣಿಂದ. ಎರಡನ್ನೂ ಒಂದೇ ವಾರದಲ್ಲಿ ಓದಿ ಮುಗಿಸಬಹುದು.

ನ್ಯಾಷನಲ್ ಕಾಲೇಜು: ಒಂದು ಕೋಣೆ, ಒಂದು ಆತ್ಮಕಥೆ

ಚಿಕ್ಕಪೇಟೆಯಿಂದ ಮುಂದೆ ಕೃಷ್ಣರಾಜೇಂದ್ರ ಮಾರುಕಟ್ಟೆ, ಅದರ ಮುಂದಿನದೇ ನ್ಯಾಷನಲ್ ಕಾಲೇಜು ನಿಲ್ದಾಣ. ಬಸವನಗುಡಿಯ ಈ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಡಾ. ಎಚ್. ನರಸಿಂಹಯ್ಯ ಕೊನೆಯವರೆಗೂ ಇದ್ದರು. ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಪದ್ಮಭೂಷಣ ಪಡೆದ ಮೇಲೂ ಮನೆ ಮಠ ಮಾಡಿಕೊಳ್ಳಲಿಲ್ಲ. ಅವರ ಆತ್ಮಕಥೆ 'ಹೋರಾಟದ ಹಾದಿ' ಓದಿ ಈ ಕಾಲೇಜಿನ ಮುಂದೆ ನಿಲ್ಲುವುದಕ್ಕೂ, ಓದದೆ ನಿಲ್ಲುವುದಕ್ಕೂ ವ್ಯತ್ಯಾಸವಿದೆ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಬಂದ. 1936ರಲ್ಲಿ ಗಾಂಧೀಜಿ ಶಾಲೆಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳಿದ್ದು ಇದೇ ವಿದ್ಯಾರ್ಥಿ. ಮುಂದೆ ಕ್ವಿಟ್ ಇಂಡಿಯಾ, ಜೈಲು, ಭೌತಶಾಸ್ತ್ರದ ಪಾಠ, ಅಮೆರಿಕದ ಓಹಿಯೋದಲ್ಲಿ ಪರಮಾಣು ಭೌತಶಾಸ್ತ್ರದ ಪಿಎಚ್‌ಡಿ. ವಾಪಸ್ ಬಂದ ಮೇಲೆ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಿಜ್ಞಾನಿಗಳನ್ನು ಕರೆಸಿ ಜನಸಾಮಾನ್ಯರ ಎದುರು ಮಾತಾಡಿಸಿದರು. ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ಬಿಸಿಬಿಸಿ ಚರ್ಚೆಗೆ ಸಿಕ್ಕಿಕೊಂಡರು.

ಈ ಪುಸ್ತಕವನ್ನು ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಒಟ್ಟಿಗೆ ಹೇಳುತ್ತೇನೆ. ವಿದ್ಯಾರ್ಥಿ ಇದರಲ್ಲಿ ಹಸಿವನ್ನೂ ಹಟವನ್ನೂ ಕಾಣುತ್ತಾನೆ. ಮೇಷ್ಟ್ರಿಗೆ ಕಾಣುವುದು ಬೇರೆ: ಪ್ರಶ್ನೆ ಕೇಳಿ ಎಂದು ಮಕ್ಕಳಿಗೆ ಹೇಳುವವರು ತಮ್ಮನ್ನೇ ಪ್ರಶ್ನಿಸಿದಾಗ ಸಹಿಸಿಕೊಳ್ಳುವ ಕಷ್ಟ.

ಅಲ್ಲಿಂದ ಡಿ.ವಿ.ಜಿ. ರಸ್ತೆ ಹಿಡಿದರೆ ಗಾಂಧಿ ಬಜಾರು. ಹೂವು, ಹಣ್ಣು, ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ನಿಂತ ಸಾಲು, ಆಚೆಗೆ ಅಂಕಿತ ಪುಸ್ತಕದ ಅಂಗಡಿ. ರಸ್ತೆಗೆ ಹೆಸರಾದ ಡಿವಿಜಿ ಮೆಟ್ರಿಕ್ ಪಾಸಾಗದವರು. ಆದರೆ ವೇದಾಂತ, ರಾಜ್ಯಶಾಸ್ತ್ರ, ಪತ್ರಿಕೋದ್ಯಮ, ಕಾವ್ಯ ನಾಲ್ಕರಲ್ಲೂ ಅವರನ್ನು ಓದದೆ ಮುಂದೆ ಹೋಗುವಂತಿಲ್ಲ. ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಅವರು 1945ರಲ್ಲಿ ಕಟ್ಟಿದ್ದು. ಅವರ 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳನ್ನೂ ಒಟ್ಟಿಗೆ ಹೊತ್ತುಕೊಂಡು ಹೋಗಬೇಕಿಲ್ಲ, 'ಹೃದಯ ಸಂಪನ್ನರು' ಒಂದರಿಂದ ಶುರು ಮಾಡಿ. ಒಬ್ಬ ಮನುಷ್ಯನನ್ನು ನಾಲ್ಕು ಪುಟದಲ್ಲಿ ಗೌರವದಿಂದ, ಆದರೆ ಹೊಗಳಿಕೆಯಿಲ್ಲದೆ ಚಿತ್ರಿಸುವುದು ಹೇಗೆ ಎಂಬುದಕ್ಕೆ ಅದೇ ಪಾಠ. ಹೈಸ್ಕೂಲು ಮಕ್ಕಳಿಗೆ ವ್ಯಕ್ತಿಚಿತ್ರ ಬರೆಯಲು ಕೊಡುವ ಮೇಷ್ಟ್ರು ತಾವು ಮೊದಲು ಇದನ್ನು ಓದಲಿ.

ಅಂಕಿತ ಪುಸ್ತಕದ ಅಂಗಡಿಯಲ್ಲಿ ಆತ್ಮಕಥೆಗಳ ಸಾಲಿನ ಮುಂದೆ ಒಬ್ಬ ಟೀಚರ್ ಸಿಕ್ಕರು. ಸರ್ಕಾರಿ ಪ್ರೌಢಶಾಲೆ, ಸಮಾಜ ವಿಜ್ಞಾನ. "ಶಾಲೆಗೆ ಒಂದೇ ಒಂದು ಆತ್ಮಕಥೆ ತಗೊಳ್ಳೋದಾದ್ರೆ ಯಾವುದು ಹೇಳ್ತೀರಿ?" ಎಂದು ಕೇಳಿದೆ. ಅವರು ಯೋಚಿಸಲೇ ಇಲ್ಲ. 'ಊರುಕೇರಿ'ಯನ್ನು ಎಳೆದು ಕೈಗೆ ಕೊಟ್ಟರು. "ನಮ್ಮ ಹಾಸ್ಟೆಲ್ ಹುಡುಗರು ಬೇರೆ ಯಾವ ಪುಸ್ತಕಾನೂ ವಾಪಸ್ ತಂದುಕೊಡ್ತಾರೆ, ಇದೊಂದನ್ನ ಬಿಟ್ಟು."

ಸಿದ್ಧಲಿಂಗಯ್ಯನವರ ಈ ಆತ್ಮಕಥೆಯಲ್ಲಿ ಒಂದು ದೃಶ್ಯವಿದೆ. ಹೊಲದಲ್ಲಿ ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ, ಹಿಂದಿನಿಂದ ಇನ್ನೊಬ್ಬ ಉಳುತ್ತಿದ್ದಾನೆ. ನೊಗ ಹೊತ್ತವರಲ್ಲಿ ಒಬ್ಬರು ನೋಡುತ್ತಿರುವ ಹುಡುಗನ ಅಪ್ಪ. ಇಂಥದ್ದನ್ನು ಬರೆದವರು ಅಳುತ್ತಾ ಬರೆಯಲಿಲ್ಲ. ಪುಸ್ತಕದ ತುಂಬ ನಗು ಉಕ್ಕುತ್ತದೆ. ಬೆಂಗಳೂರಿನ ಹಾಸ್ಟೆಲು, ಅರೆಹೊಟ್ಟೆ, ಸ್ಮಶಾನದಲ್ಲಿ ಕೂತು ಓದಿದ್ದು ಎಲ್ಲವೂ ನಗಿಸುತ್ತಲೇ ಕುಟುಕುತ್ತವೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಒಂದು ಟಿಕ್ಕು ಮಾತ್ರ ಕಾಣುವ ಮೇಷ್ಟ್ರಿಗೆ ಆ ಹೆಸರಿನ ಹಿಂದಿನ ಮನೆ, ಕೇರಿ, ದಾರಿಯನ್ನು ಈ ಪುಸ್ತಕ ತೋರಿಸುತ್ತದೆ. ಬಿ.ಎಡ್. ಪಠ್ಯಕ್ರಮದ ಯಾವ ಅಧ್ಯಾಯವೂ ಇಷ್ಟು ಹತ್ತಿರಕ್ಕೆ ಕರೆದೊಯ್ಯಲಾರದು.

ಪಕ್ಕದಲ್ಲೇ ಕುವೆಂಪು ಅವರ 'ನೆನಪಿನ ದೋಣಿಯಲ್ಲಿ'. ದಪ್ಪ ಪುಸ್ತಕ, ಆದರೆ ಭಾಷಾ ಶಿಕ್ಷಕರು ಜೇಮ್ಸ್ ಕಸಿನ್ಸ್ ಪ್ರಸಂಗವನ್ನಾದರೂ ಓದಲೇಬೇಕು. ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ವಿದ್ಯಾರ್ಥಿ ಮೈಸೂರಿಗೆ ಬಂದ ಐರಿಷ್ ಕವಿಗೆ ತೋರಿಸಲು ಹೋಗುತ್ತಾನೆ. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಅವರು ಕೇಳುತ್ತಾರೆ. ಹುಡುಗನಿಗೆ ಕಿರಿಕಿರಿಯಾಗುತ್ತದೆ. ಆದರೆ ಆ ಕಿರಿಕಿರಿಯ ಫಲವನ್ನೇ ನಾವು ಇಂದು ಓದುತ್ತಿರುವುದು.

ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆಯೂ ಇಲ್ಲೇ ಸಮೀಪ. ಬಿ.ಪಿ. ವಾಡಿಯಾ ದಂಪತಿ 1945ರಲ್ಲಿ ಕಟ್ಟಿದ ಇದರ ಗ್ರಂಥಾಲಯದಲ್ಲಿ ಮಕ್ಕಳಿಗೆ ಬೇರೆಯೇ ವಿಭಾಗವಿದೆ. ಈ ಗ್ರಂಥಾಲಯದ ನೆಪದಲ್ಲಿ ಇಂಗ್ಲಿಷ್ ಓದುವ ಶಿಕ್ಷಕರಿಗೆ ಎರಡು ಹೆಸರುಗಳನ್ನು ಹೇಳಬೇಕು. ಮೊದಲನೆಯದು 'ಲೆಟರ್ ಟು ಎ ಟೀಚರ್'. ಇಟಲಿಯ ಗುಡ್ಡಗಾಡಿನ ಬಾರ್ಬಿಯಾನ ಎಂಬ ಹಳ್ಳಿಯಲ್ಲಿ ಲೊರೆಂಜೊ ಮಿಲಾನಿ ಎಂಬ ಪಾದ್ರಿ ನಡೆಸುತ್ತಿದ್ದ ಶಾಲೆಯ ಎಂಟು ಹುಡುಗರು ಕೂಡಿ ಬರೆದ ಪುಸ್ತಕ, 1967ರದು. ನೀವು ನಮ್ಮನ್ನು ಫೇಲು ಮಾಡಿದಿರಿ, ಯಾರನ್ನು ಫೇಲು ಮಾಡಿದಿರಿ ಎಂದು ಲೆಕ್ಕ ಹಾಕಿದ್ದೀರಾ ಎಂಬ ಧಾಟಿಯಲ್ಲಿ ಅಂಕಿಅಂಶ ಸಮೇತ ವಾದಿಸುತ್ತಾರೆ. ಶಾಲೆ ಬಿಟ್ಟು ಹೋಗುವವರು ರೈತರ, ಕೂಲಿಕಾರರ ಮಕ್ಕಳೇ ಏಕೆ ಎಂಬುದು ಅವರ ಪ್ರಶ್ನೆ. ಎರಡನೆಯದು ಬೆಂಗಳೂರಿನ ಸೆಂಟರ್ ಫಾರ್ ಲರ್ನಿಂಗ್ ಶಾಲೆಯ ಶಿಕ್ಷಕಿ ಕಮಲಾ ಮುಕುಂದ ಅವರ 'ವಾಟ್ ಡಿಡ್ ಯು ಆಸ್ಕ್ ಅಟ್ ಸ್ಕೂಲ್ ಟುಡೇ?' ನೆನಪು, ಕಲಿಕೆ, ಪ್ರೇರಣೆ, ಹದಿಹರೆಯದ ಬಗ್ಗೆ ಮನಶ್ಶಾಸ್ತ್ರದ ಸಂಶೋಧನೆ ಏನು ಹೇಳುತ್ತದೆ ಎಂಬುದನ್ನು ತರಗತಿಯಲ್ಲಿ ನಿಂತವರ ಮಾತಿನಲ್ಲೇ ವಿವರಿಸುತ್ತದೆ. ಪಿಯಾಜೆಯನ್ನು ಬಾಯಿಪಾಠ ಮಾಡಿದವರಿಗೆ ಅವನ ಯಾವ ಮಾತು ಈಗಲೂ ನಿಂತಿದೆ, ಯಾವುದು ಅಲ್ಲಾಡಿದೆ ಎಂದು ಯೋಚಿಸಲು ಇದು ಬೇಕು.

ಲಾಲ್‌ಬಾಗ್: ಬೋರ್ಡಿನ ಮೇಲಿನ ಹೆಸರು

ಕೊನೆಯ ಗುರಿ ಲಾಲ್‌ಬಾಗ್. ಹೈದರಾಲಿ ಕಾಲದ ತೋಟ, ಒಳಗಿನ ಬಂಡೆಗೆ ಮುನ್ನೂರು ಕೋಟಿ ವರ್ಷ. ಮಧ್ಯಾಹ್ನದ ಹೊತ್ತು ಯಾವುದೋ ಶಾಲೆಯ ಮಕ್ಕಳು ಜೋಡಿ ಸಾಲಿನಲ್ಲಿ ಬರುತ್ತಿದ್ದರು. ಬಿಳಿ ಬೂರುಗದ ದೈತ್ಯ ಮರದ ಬುಡದಲ್ಲಿ ಗೋಡೆಯಂತೆ ಎದ್ದ ಬೇರುಗಳ ಸಂದಿಗೆ ಇಬ್ಬರು ನುಗ್ಗಿದರು. "ಬನ್ರೋ, ಲೇಟಾಗುತ್ತೆ, ಗ್ಲಾಸ್‌ಹೌಸ್ ನೋಡಬೇಕು" ಎಂದು ಮೇಷ್ಟ್ರು ಕರೆದರು. ಮಕ್ಕಳು ಬರಲಿಲ್ಲ. "ಸಾರ್, ಈ ಬೇರು ಯಾಕೆ ಹಿಂಗೈತೆ?" ಮೇಷ್ಟ್ರು ಮರದ ಮೇಲಿನ ಬೋರ್ಡು ಓದಿದರು. ಅದರಲ್ಲಿ ಹೆಸರಿತ್ತು, ಉತ್ತರ ಇರಲಿಲ್ಲ.

ಆ ಪ್ರಶ್ನೆಗೆ ನಿಲ್ಲುವ ಮೇಷ್ಟ್ರು ಹೇಗಿರುತ್ತಾರೆ ಎಂದು ತಿಳಿಯಬೇಕಾದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಓದಬೇಕು. ಸ್ವಾಮಿ ಡಿವಿಜಿಯವರ ಮಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ಪ್ರಾಂಶುಪಾಲರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡಿನಲ್ಲಿ ಗಿಡ ಹುಡುಕಿದ ಪ್ರವಾಸದ ಕಥನಕ್ಕೆ ಅವರದೇ ರೇಖಾಚಿತ್ರಗಳಿವೆ. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಡುಗೆ, ತಂಟೆ, ಕೀಟಲೆ, ಸಂಸ್ಕೃತ ಶ್ಲೋಕ, ಲ್ಯಾಟಿನ್ ಹೆಸರು ಎಲ್ಲ ಒಂದೇ ಪುಟದಲ್ಲಿ ಬರುತ್ತವೆ. ಪ್ರೊಫೆಸರು ವಿದ್ಯಾರ್ಥಿಗಳನ್ನು ಛೇಡಿಸುತ್ತಾರೆ, ವಿದ್ಯಾರ್ಥಿಗಳು ಪ್ರೊಫೆಸರನ್ನು ಬಿಡುವುದಿಲ್ಲ. ವಿಷಯದ ಮೇಲೆ ಪ್ರೀತಿ ಇದ್ದರೆ ಶಿಸ್ತು ತಾನಾಗಿ ಬರುತ್ತದೆ ಎಂಬುದಕ್ಕೆ ಇಷ್ಟು ಗಟ್ಟಿ ಸಾಕ್ಷಿ ಕನ್ನಡದಲ್ಲಿ ಇನ್ನೊಂದಿಲ್ಲ. ಕಾಲೇಜಿನ ಒಳರಾಜಕೀಯ ಕಂಡು ಬೇಸತ್ತವರು ಅವರದೇ 'ಕಾಲೇಜು ರಂಗ' ತೆಗೆಯಲಿ. ನಕ್ಕು ಹಗುರಾಗಬಹುದು.

ವಿದ್ಯಾರ್ಥಿಗಳಿಗೆ ಸ್ವಾಮಿ ಕೊಂಚ ಭಾರ ಎನಿಸಿದರೆ ತೇಜಸ್ವಿಯವರ 'ಪರಿಸರದ ಕತೆ'ಯಿಂದ ಆರಂಭಿಸಿ. ಮಾಸ್ತಿ, ಬೈರ ಎಂಬ ಊರಿನವರ ಮತ್ತು 'ಕಿವಿ' ಎಂಬ ನಾಯಿಯ ಸಹವಾಸದಲ್ಲಿ ಮೂಡಿಗೆರೆಯ ಕಾಡು ತೋಟಗಳನ್ನು ನೋಡುವ ಈ ಪುಸ್ತಕ ಎಂಟನೇ ತರಗತಿಯವರಿಗೂ ಸಲೀಸು. ಓದಿ ಮುಗಿಸಿದ ಹುಡುಗ ಹಿತ್ತಲಿಗೆ ಹೋಗಿ ಇರುವೆ ಸಾಲು ನೋಡುತ್ತಾ ಕೂತರೆ ಪುಸ್ತಕ ತನ್ನ ಕೆಲಸ ಮಾಡಿದಂತೆ.

ಊರಿನಲ್ಲಿರುವವರಿಗೆ

ಇದೆಲ್ಲ ಬೆಂಗಳೂರಿನವರ ಭಾಗ್ಯ ಎಂದು ಕೈಚೆಲ್ಲಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಶಾಲಾ ಮಕ್ಕಳನ್ನು ಅಲ್ಲಿ ಉಚಿತವಾಗಿ ಸದಸ್ಯರನ್ನಾಗಿ ಮಾಡುವ 'ಓದುವ ಬೆಳಕು' ಕಾರ್ಯಕ್ರಮ 2020ರಲ್ಲೇ ಶುರುವಾಗಿದೆ. ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ ಮೊಬೈಲಿನಲ್ಲೂ ತೆರೆಯುತ್ತದೆ. ನಿಮ್ಮೂರ ಕೇಂದ್ರದಲ್ಲಿ ಮೇಲಿನ ಪುಸ್ತಕಗಳಲ್ಲಿ ಯಾವುದಿಲ್ಲವೋ ಅದರ ಹೆಸರು ಬರೆದು ಮೇಲ್ವಿಚಾರಕರ ಕೈಗೆ ಕೊಡಿ. ಕೇಳುವವರಿಲ್ಲದ ಪುಸ್ತಕ ಖರೀದಿ ಪಟ್ಟಿಗೆ ಬರುವುದಿಲ್ಲ. ನಗರದ ಗ್ರಂಥಾಲಯಗಳಿಗೆ ಹೊರಡುವವರು ರಜೆಯ ದಿನ ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ಯಾವುದರಿಂದ ಶುರು ಮಾಡುವುದು? ಹೈಸ್ಕೂಲು, ಪಿಯುಸಿ ಮಕ್ಕಳು 'ಪರಿಸರದ ಕತೆ', ಆಮೇಲೆ 'ಊರುಕೇರಿ', ಆಮೇಲೆ 'ಹೋರಾಟದ ಹಾದಿ'. ಬಿ.ಎಡ್. ಓದುತ್ತಿರುವವರು ಪರೀಕ್ಷೆ ಮುಗಿದ ಮರುದಿನ 'ತೊತ್ತೋ-ಚಾನ್', ಕೆಲಸಕ್ಕೆ ಸೇರುವ ಹಿಂದಿನ ವಾರ 'ದಿವಾಸ್ವಪ್ನ'. ಹತ್ತು ಹದಿನೈದು ವರ್ಷ ಪಾಠ ಮಾಡಿ ಎಲ್ಲ ಗೊತ್ತಾಗಿದೆ ಎನಿಸಿದವರು ಬಾರ್ಬಿಯಾನದ ಹುಡುಗರ ಪತ್ರದಿಂದಲೇ ಆರಂಭಿಸಲಿ. ಮೊದಲ ಪುಟಗಳಲ್ಲೇ ಸಿಟ್ಟು ಬರುತ್ತದೆ. ಬಂದರೆ ಪುಸ್ತಕ ಮುಚ್ಚಬೇಡಿ, ಆ ಪತ್ರ ನಿಮಗೇ ಬರೆದದ್ದು.